ಅಂಗೈಯೊಳಗಿನ ಅರ್ಧ ಕಲ್ಲು

"ಬಿಚ್ಚಿ ನೋಡ್ರಿ ಅಕ್ಕೋರೆ. ಕಟ್ಟಿಟ್ಟ ಮ್ಯಾಲೆ ನಾನಂತೂ ಬಿಚ್ಚಿಲ್ಲ."

ಲಾಲ್ ಸಾಬ್ ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. ಅವನ ತಳ್ಳುಗಾಡಿಯ ತುಂಬ ಉಂಗುರದ ಹರಳು, ಸ್ಫಟಿಕದ ಸರ, ರುದ್ರಾಕ್ಷಿ. ಹಿಂದೆ ಉಕ್ಕಡಗಾತ್ರಿಯ ನದಿ ಮೆಟ್ಟಿಲು. ಅದರಾಚೆ ಬೇಸಿಗೆಯ ತುಂಗಭದ್ರೆ, ಬಂಡೆಗಳ ನಡುವೆ ಅಲ್ಲಲ್ಲಿ ನಿಂತ ನೀರು.

ಅಂಕಿತಾ ಗಂಟು ಬಿಚ್ಚಿದಳು.

ಬೆಳ್ಳಿಯ ಕರಡಿಗೆ. ಕೊರಳಿಗೆ ಕಟ್ಟುವ ಶಿವದಾರ ಹರಿದಿತ್ತು. ಮುಚ್ಚಳದ ಅಂಚಿನಲ್ಲಿ ಒಂದು ನೆಗ್ಗು. ಮದುವೆಯಾದ ವರ್ಷ ಬಂಡೆ ಒಡೆಯುವಾಗ ಗಂಡ ಸಂತೋಷನ ಸುತ್ತಿಗೆ ಜಾರಿ ಬಿದ್ದ ಗುರುತು. ಅವಳೇ ಪಕ್ಕದಲ್ಲಿದ್ದಳು.

ಮುಚ್ಚಳ ತೆಗೆದಳು. ಲಿಂಗ ಒಳಗೇ ಇತ್ತು.

ಅಳು ಬರಲಿಲ್ಲ. ಒಂದು ಪ್ರಶ್ನೆ ಬಂತು, ಅಷ್ಟೇ. ಗಂಡನ ಲಿಂಗ ಇಲ್ಲಿದ್ದರೆ, ಕಾರ್ತಿಕದಲ್ಲಿ ಅವನ ಎಡಗೈಯಲ್ಲಿಟ್ಟು ಮಣ್ಣು ಮಾಡಿದ್ದು ಏನನ್ನು?

ಹರಿಹರದ ಸೇತುವೆಯ ಕೆಳಗೆ ಸಂತೋಷನ ದೇಹ ಸಿಕ್ಕಾಗ, ಕಲ್ಲಿನ ಮಾದರಿ ಆರಿಸಲು ಇಳಿದ ಭೂವಿಜ್ಞಾನದ ಮೇಷ್ಟ್ರು ಕಾಲು ಜಾರಿ ಮುಳುಗಿದರು ಎಂದು ಪೊಲೀಸರು ಬರೆದುಕೊಂಡಿದ್ದರು. ಮನೆಗೆ ತಂದ ದೇಹದ ಮುಷ್ಟಿಯಲ್ಲಿ ಕಪ್ಪಗೆ, ಗುಂಡಗೆ ಒಂದು ವಸ್ತು ಇತ್ತು. ಸಾಯುವಾಗಲೂ ಲಿಂಗ ಬಿಡಲಿಲ್ಲ ಅಂತ ಊರೆಲ್ಲ ಕೈ ಮುಗಿದಿತ್ತು. ಅತ್ತೆ ಅಕ್ಕನಾಗಮ್ಮ ಆ ಒಂದು ಮಾತಿನ ಮೇಲೆ ಈ ಆರೇಳು ತಿಂಗಳು ಬದುಕಿದ್ದರು.

"ಇದು ನಿಮಗೆಲ್ಲಿ ಸಿಕ್ತು?"

"ಅಮಾಸಿ ಮರುದಿನ ತಾಡಪಾಲು ತೆಗೆದೆ, ಗಾಡಿ ಚಕ್ರದ ಹತ್ರ ಬಿದ್ದಿತ್ತು. ಗುಡಿ ಮೈಕಿನಾಗ ಕೂಗಿಸಿದೆ. ಯಾರೂ ಬರ್ಲಿಲ್ಲ."

"ಇಷ್ಟು ದಿನ ಇಟ್ಕೊಂಡ್ರಿ. ಬೆಳ್ಳಿ ನೋಡಿ ಆಸೆ ಆಗ್ಲಿಲ್ವಾ?"

"ಆತು. ಸುಳ್ಳು ಯಾಕ ಹೇಳ್ಲಿ?" ಲಾಲ್ ಸಾಬ್ ಗುಡಿಯ ಕಡೆ ಗದ್ದ ಎತ್ತಿದ. "ಆದ್ರ ಅಜ್ಜಯ್ಯನ ಎದುರಿಗೆ ಗಾಡಿ ಹಚ್ಚೀನಿ ನೋಡ್ರಿ. ದಿನಾ ನೋಡ್ತಾನ."

ನಂಬಬೇಕೋ ಬೇಡವೋ ತಿಳಿಯಲಿಲ್ಲ. ಅಂಕಿತಾ ಚೀಲದಿಂದ ಗುಲಾಬಿ ಬಣ್ಣದ ತೆಳು ಕಾಗದ ತೆಗೆದಳು. ಹರಳು ಮಾರುವವರು ಕಲ್ಲು ಸುತ್ತಿಕೊಡುವ ಕಾಗದ. ಸಂತೋಷನ ಬ್ಯಾಗಿನ ತಳದಲ್ಲಿ ಸಿಕ್ಕಿತ್ತು. ಅದನ್ನೂ ಅವನ ಫೋಟೋವನ್ನೂ ಹಿಡಿದು ಅಂಗಡಿಯಿಂದ ಅಂಗಡಿಗೆ ಕೇಳುತ್ತಾ ಬಂದೇ ಅವಳು ಈ ಗಾಡಿ ಮುಟ್ಟಿದ್ದು.

"ಅವರು ನಿಮ್ಮ ಹತ್ರ ಏನು ಕೊಂಡ್ರು?"

ಲಾಲ್ ಸಾಬ್ ಗಾಡಿಯ ಕೆಳಗಿನ ಗೋಣಿಚೀಲದಿಂದ ಅದೇ ಥರದ ಇನ್ನೊಂದು ಕಲ್ಲುಂಡೆ ತೆಗೆದು ಅವಳೆದುರು ಇಟ್ಟ. ನಿಂಬೆಹಣ್ಣಿಗಿಂತ ಚಿಕ್ಕದು, ಇದ್ದಿಲಿನಂಥ ಕಪ್ಪು. ಎರಡು ಹೋಳಾಗಿ ಒಡೆದಿತ್ತು. ಬಿಡಿಸಿದರೆ ಒಂದು ಹೋಳಿನ ಚಪ್ಪಟೆ ಮುಖದ ಮೇಲೆ ಸುರುಳಿ ಚಿಪ್ಪು ಉಬ್ಬಿ ನಿಂತಿತ್ತು. ಇನ್ನೊಂದರಲ್ಲಿ ಅದೇ ಸುರುಳಿಯ ತಗ್ಗು.

"ಹರಿದ್ವಾರದಿಂದ ಮೂಟಿ ಬರ್ತೈತ್ರಿ. ಸಾಲಿಗ್ರಾಮ ಅಂತ ತಗೊಳ್ಳೋರು ತಗೊಂತಾರೆ."

ಅಂಕಿತಾಳಿಗೆ ಅದರ ಇನ್ನೊಂದು ಹೆಸರು ಗೊತ್ತಿತ್ತು. ಹಿಮಾಲಯದ ಸ್ಪಿಟಿ ಶೇಲ್. ಜುರಾಸಿಕ್ ಕಾಲದ ಸಮುದ್ರದ ತಳದ ಕೆಸರು. ಸತ್ತು ಬಿದ್ದ ಅಮೊನೈಟ್ ಎಂಬ ಕಡಲಜೀವಿಯ ಚಿಪ್ಪಿನ ಸುತ್ತ ಆ ಕೆಸರು ಗಟ್ಟಿಯಾಗಿ ಉಂಡೆಯಾಗುತ್ತದೆ. ಹದಿನೈದು ಕೋಟಿ ವರ್ಷದ ಮೇಲೆ ಯಾರೋ ಸುತ್ತಿಗೆಯಿಂದ ತಟ್ಟಿದರೆ ಚಿಪ್ಪಿದ್ದ ಕಡೆಯೇ ಬಿರಿಯುತ್ತದೆ. ಒಂದು ಹೋಳಿಗೆ ಇನ್ನೊಂದೇ ಜೋಡಿ. ಬೇರೆ ಯಾವುದೂ ಕೂಡುವುದಿಲ್ಲ.

"ಜೋಡಿ ಕೊಂಡ್ರಾ?"

"ಇಲ್ರಿ, ಅರ್ಧ. ಹಿಂದೊಮ್ಮೆ ದಾವಣಗೆರಿ ಪ್ರೊಫೆಸರ್ ಒಬ್ರು ಉಬ್ಬಿದ ಹೋಳು ಒಯ್ದಿದ್ರು. ಕೋಲು ಹಿಡ್ಕಂಡು ಬರ್ತಾರಲ್ಲ, ಕನ್ನಡಕದೋರು. ಇನ್ನೊಂದು ಹೋಳು ಅವತ್ತು ಸಿಗಲಿಲ್ಲ. ಆಮ್ಯಾಲೆ ಮೂಟಿ ತಳದಾಗ ಸಿಕ್ತು. ನಿಮ್ಮನೆಯೋರು ಬಂದು ಅದನ್ನ ನೋಡಿದ್ರು ನೋಡ್ರಿ, ಚೌಕಾಸಿನೂ ಮಾಡ್ಲಿಲ್ಲ."

"ಒಬ್ರೇ ಬಂದಿದ್ರಾ?"

"ಬಂದಾಗ ಒಬ್ರೇ. ಆಮ್ಯಾಲೆ ಇನ್ನೊಬ್ರು ಕೂಡಿಕೊಂಡ್ರು. ಮಾತಿಗೆ ಮಾತು ಬೆಳೀತು. ಮೆಟ್ಟಲು ಇಳಿದು ಹೋದ್ರು. ಜನ ಗಿಜಿಗಿಜಿ. ಬೆನ್ನು ಅಷ್ಟೇ ಕಂಡೆ."

"ಕೈಯಲ್ಲಿ ಕೋಲಿತ್ತಾ?"

"ಇರ್ಲಿಲ್ಲ."

"ಮತ್ತೆ ನೋಡಿದ್ರೆ ಗುರುತು ಹಿಡೀತೀರಾ?"

"ಮುಖ ಹಿಡಿಯಾಕಿಲ್ಲ. ನಡಿಗಿ ನೋಡಿದ್ರ ಹಿಡಿದೇನು." ಲಾಲ್ ಸಾಬ್ ನಕ್ಕ. "ಕಲ್ಲು ಮಾರೋನು ನಾನು. ಜನರ ಕಾಲು ನೋಡೋದೇ ಹೆಚ್ಚು. ನಿಲ್ತಾರೋ, ಮುಂದ ಹೋಗ್ತಾರೋ ಅಂತ."

ಅಂಕಿತಾ ಕರಡಿಗೆಯನ್ನು ಚೀಲದೊಳಗಿಟ್ಟುಕೊಂಡು ರಸ್ತೆಗೆ ಬಂದಳು.

ಮೈದುನ ಕರಿಬಸವರಾಜ ಬೈಕಿನ ಮೇಲೆಯೇ ಕೂತಿದ್ದ. ಬಿಸಿಲಲ್ಲಿ, ಹೆಲ್ಮೆಟ್ ಕೂಡ ತೆಗೆಯದೆ.

"ಮುಗೀತಾ ಅತ್ತಿಗಿ ನಿಮ್ಮ ಹರಕಿ?"

"ಮುಗೀತು. ನೀನು ಇಳಿದು ಕೈ ಮುಗಿಯಲ್ವಾ? ನಿನ್ನ ಹೆಸರೇ ಈ ಗುಡಿ ಅಜ್ಜಯ್ಯಂದು."

"ಇಲ್ಲಿಂದನೇ ಮುಗಿದೆ. ಅಜ್ಜಯ್ಯಗ ದೂರದೃಷ್ಟಿ ಚಲೋ ಐತೆ." ಅವನು ಕಿಕ್ ಹೊಡೆದ. "ನಡೀರಿ. ಅಣ್ಣನ ಗದ್ದಿಗಿ ಕಲ್ಲು ನಾಳೆ ಲೋಡ್ ಬರ್ತೈತೆ. ಪ್ರೊಫೆಸರ್ ಸಾಹೇಬ್ರು ಕರೀ ಗ್ರಾನೈಟೇ ಆಗ್ಬೇಕು ಅಂದಾರ."

ಸಂತೋಷನ ಗೋರಿಯ ಮೇಲೆ ಗದ್ದಿಗೆ ಕಟ್ಟಿಸುವುದು ಪ್ರೊಫೆಸರ್ ನಾಗಭೂಷಣ್ ಅವರ ಖರ್ಚು. ಗ್ರಾನೈಟ್ ಕೊಯ್ದು ಕೂರಿಸುವುದು ಕರಿಬಸವರಾಜನ ಕೆಲಸ. ಗುರುವಿನ ಪ್ರೀತಿ, ತಮ್ಮನ ಋಣ ಅಂತ ಬೀದಿಯವರು ಹೊಗಳಿದ್ದರು.

ಹರಿಹರ ದಾಟುವಾಗ ಸೇತುವೆಯ ಮೇಲೆ ಅಂಕಿತಾ ಕೆಳಗೆ ನೋಡಲಿಲ್ಲ. ಅಷ್ಟು ಭಾರದ ಕಲ್ಲು ಯಾವುದರ ಮೇಲೆ ಹೇರುತ್ತಿದ್ದಾರೆ ಅಂತ ಯೋಚಿಸಿದಳು.

* * *

ಅದೇ ಮಧ್ಯಾಹ್ನ ದಾವಣಗೆರೆಯ ಕೆ.ಬಿ. ಬಡಾವಣೆಯ ಮನೆಯಲ್ಲಿ ನಾಗಭೂಷಣ್ ಅವರೇ ಬಾಗಿಲು ತೆರೆದರು. ಮೊಳಕಾಲಿನ ಆಪರೇಷನ್ ಆದಾಗಿನಿಂದ ಕೋಲಿಲ್ಲದೆ ಹೆಜ್ಜೆ ಇಡುತ್ತಿರಲಿಲ್ಲ. ಅಂಕಿತಾ ಅವರ ಕಾಲನ್ನೇ ನೋಡುತ್ತಾ ಒಳಗೆ ಬಂದಳು.

"ಬಾಮ್ಮ, ಕೂತ್ಕೋ. ಬಿಸಿಲಲ್ಲಿ ಬಂದಿದ್ದೀ. ಮಜ್ಜಿಗೆ ಕುಡೀತೀಯಾ?"

"ಬೇಡ ಸರ್."

ಹಾಲಿನ ಉದ್ದಕ್ಕೂ ಗಾಜಿನ ಪೆಟ್ಟಿಗೆಗಳು. ಕೆಳಗಿನ ಗ್ರಾನೈಟ್ ಹಲಗೆಗಳು ಕರಿಬಸವರಾಜನ ಕೈಯವು. ಬೇಸಿಗೆ ಕಳೆದ ಮೇಲೆ ಇದೇ ಹಾಲು ಪ್ರೊಫೆಸರ್ ಹೆಸರಿನ ವಸ್ತುಸಂಗ್ರಹಾಲಯವಾಗಲಿತ್ತು. ಅದರ ಗ್ರಾನೈಟ್ ಗುತ್ತಿಗೆಯೂ ಅವನದೇ.

ನಡುವಿನ ಪೆಟ್ಟಿಗೆಯಲ್ಲಿ ಕಪ್ಪು ಉಂಡೆಯ ಒಂದೇ ಹೋಳು. ಮೇಲೆ ಉಬ್ಬಿದ ಸುರುಳಿ. ಆ ಅಮೊನೈಟ್‌ಗೆ ನಾಗಭೂಷಣ್ ತಮ್ಮ ತಾಯಿಯ ಹೆಸರಿಟ್ಟಿದ್ದರು. ಹೊಸ ಜಾತಿ. ಸ್ಪಿಟಿ ಕಣಿವೆಯ ಒಂದು ಪದರದಿಂದ ಸ್ವತಃ ಕಿತ್ತು ತಂದೆ ಅಂತ ಬರೆದಿದ್ದರು. ಆ ಪದರದ ವಯಸ್ಸನ್ನೇ ಎಲ್ಲರೂ ತಪ್ಪಾಗಿ ತಿಳಿದಿದ್ದಾರೆ ಅಂತ ವಾದಿಸಿದ್ದರು. ಆ ಒಂದು ಲೇಖನದಿಂದ ಹೊರದೇಶದವರೂ ಅವರನ್ನು ಕರೆದು ಕೂರಿಸಿದ್ದರು.

"ಸರ್, ಇದನ್ನ ಯಾವ ಪದರದಿಂದ ತೆಗೆದ್ರಿ?"

"ನನ್ನ ಪೇಪರ್ ಓದಿಲ್ವಾ?"

"ಓದಿದ್ದೀನಿ. ಲಾಲ್ ಸಾಬ್ ಓದಿಲ್ಲ. ಅವರು ಗೋಣಿಚೀಲದಿಂದ ತೆಗೆದೆ ಅಂತಾರೆ."

ನಾಗಭೂಷಣ್ ಕೋಲನ್ನು ಕುರ್ಚಿಗೆ ಒರಗಿಸಿದರು. ಬಹಳ ನಿಧಾನವಾಗಿ.

"ಯಾರು ಈ ಲಾಲ್ ಸಾಬ್?"

"ಉಕ್ಕಡಗಾತ್ರಿಯಲ್ಲಿ ಹರಳು ಮಾರೋರು. ನಿಮ್ಮ ಕೋಲು, ಕನ್ನಡಕ ಎರಡೂ ನೆನಪಿದೆ ಅವರಿಗೆ."

"ಇಂಥ ಉಂಡೆ ಅವನ ಗಾಡಿ ತುಂಬ ಇರ್ತಾವಮ್ಮ. ಎಲ್ಲಾ ಕರಿ ಉಂಡೆನೂ ಒಂದೇ ಥರ ಕಾಣ್ತಾವೆ. ಕೋರ್ಟಲ್ಲಿ ನಿಲ್ಲುತ್ತಾ ಇದು?"

"ಕಾಣೋದು ಒಂದೇ ಥರ. ಕೂಡೋದು ಒಂದೇ. ಅದಕ್ಕೇ ಸಂತೋಷ್ ಇನ್ನೊಂದು ಹೋಳು ಹುಡುಕ್ಕೊಂಡು ಹೋಗಿದ್ದು."

ನಾಗಭೂಷಣ್ ಗಾಜಿನ ಪೆಟ್ಟಿಗೆಯ ಕಡೆ ತಿರುಗಿದರು. ಪದರ ಗೊತ್ತಿಲ್ಲದ ಪಳೆಯುಳಿಕೆ ಬರೀ ಕಲ್ಲು, ಊರು ಕೇರಿ ಇಲ್ಲದ್ದು. ಮೊದಲ ವರ್ಷದ ಎಂಎಸ್ಸಿ ಹುಡುಗರಿಗೆ ಇದನ್ನು ಕಲಿಸಿದವರು ಅವರೇ. ಮುಂದಿನ ಬೆಂಚಿನಲ್ಲಿ ಸಂತೋಷ, ಕಿಟಕಿಯ ಹತ್ತಿರ ಅಂಕಿತಾ.

"ಆ ಇನ್ನೊಂದು ಹೋಳು ಈಗೆಲ್ಲಿದೆ?" ಕೊನೆಗೆ ಕೇಳಿದರು.

"ನಿಮಗೆ ಗೊತ್ತಿಲ್ವಾ ಸರ್? ದೇಹ ಇಳಿಸಿದಾಗ ನೀವೇ ಬಗ್ಗಿ ನೋಡಿದ್ರಿ. ನೀವೇ ಅಂದ್ರಿ. ಲಿಂಗ ಕೈ ಬಿಟ್ಟಿಲ್ಲ ನೋಡಮ್ಮ ನಿನ್ನ ಮಗ, ಅಂತ."

ಇಷ್ಟಲಿಂಗವೂ ಕಂತಿಯ ಕಪ್ಪು ಲೇಪ ಹಚ್ಚಿ ಹಚ್ಚಿ ಕಪ್ಪಗೆ, ನುಣ್ಣಗೆ, ಮೇಲೆ ಗುಂಡಗೆ ಇರುತ್ತದೆ. ತಳ ಚಪ್ಪಟೆ. ಒದ್ದೆಯಾದ ಅರ್ಧ ಉಂಡೆಯನ್ನು ಚಪ್ಪಟೆ ಮುಖ ಕೆಳಗಾಗಿ ಅಂಗೈಯಲ್ಲಿಟ್ಟರೆ ಅಯ್ಯನೋರೂ ಕೈ ಮುಗಿಯುತ್ತಾರೆ. ಬೀದಿಯವರು ತಪ್ಪು ತಿಳಿದರೆ ಸರಿ. ಮೂವತ್ತು ವರ್ಷ ಸ್ಪಿಟಿಯ ಉಂಡೆಗಳನ್ನೇ ಕೈಯಲ್ಲಿ ಹೊರಳಿಸಿದವರು ತಪ್ಪು ತಿಳಿಯುವುದು ಹೇಗೆ?

"ಗುರುತು ಹಿಡಿದೆ," ಎಂದರು ನಾಗಭೂಷಣ್.

ಇಷ್ಟು ಸುಲಭಕ್ಕೆ ಒಪ್ಪುತ್ತಾರೆಂದು ಅಂಕಿತಾ ಎಣಿಸಿರಲಿಲ್ಲ.

"ನೋಡಿದ ಕೂಡಲೇ ಹಿಡಿದೆ. ಆ ತಾಯಿ ನನ್ನ ಕೈ ಹಿಡ್ಕೊಂಡು ಕೇಳ್ತಿದ್ದಳು, ಲಿಂಗನೇ ಅಲ್ವೇನ್ರಿ ಮೇಷ್ಟ್ರೇ ಅಂತ. ಏನು ಹೇಳ್ಬೇಕಿತ್ತು ನಾನು? ಅಲ್ಲಮ್ಮ, ಅದು ಅಮೊನೈಟು, ಮೇಲ್ ಜುರಾಸಿಕ್ ಅಂತ ಹೇಳ್ಬೇಕಿತ್ತಾ?"

"ನಿಮಗೂ ಅನುಕೂಲ ಆಯ್ತು."

"ಆಯ್ತು. ಸುಳ್ಳು ಹೇಳಲ್ಲ." ಕನ್ನಡಕ ತೆಗೆದು ಒರೆಸಿದರು. "ನೀನೂ ಅಲ್ಲೇ ಇದ್ದೆ, ಅಂಕಿತಾ. ಗೋಲ್ಡ್ ಮೆಡಲ್ ನಿಂದು. ನಿನಗೇನು ಕಾಣಿಸ್ತು?"

ಅವಳಿಗೆ ವಿಭೂತಿ ಕಂಡಿತ್ತು. ಒದ್ದೆ ಕೂದಲು ಕಂಡಿತ್ತು.

"ತೆಗೆಸ್ತೀನಿ ಸರ್. ತಹಶೀಲ್ದಾರ್‌ಗೆ ಅರ್ಜಿ ಹಾಕಿ ಗುಣಿ ತೆಗೆಸ್ತೀನಿ."

"ತೆಗೆಸು. ಮೊದಲು ನಿಮ್ಮತ್ತೆಗೆ ಹೇಳು. ಮಗ ಕಡೇ ಗಳಿಗೆಯಲ್ಲಿ ಹಿಡಿದಿದ್ದು ಲಿಂಗ ಅಲ್ಲ, ಬಜಾರಿನ ಕಲ್ಲು ಅಂತ ಹೇಳು. ಆ ಜೀವ ತಡ್ಕೊಂಡ್ರೆ ಆಮೇಲೆ ನನ್ನ ಹತ್ರ ಬಾ."

ಎದ್ದು ಬಾಗಿಲವರೆಗೆ ಬಂದವಳನ್ನು ಅವರು ಮತ್ತೆ ಕರೆದರು. ಈ ಸಲ ದನಿಯಲ್ಲಿ ಮೇಷ್ಟ್ರಿರಲಿಲ್ಲ. ಹೆದರಿದ ಮುದುಕ ಇದ್ದ.

"ಒಂದು ಯೋಚನೆ ಮಾಡು. ಆ ಕಲ್ಲಿಗೋಸ್ಕರ ನಾನೇ ಅವನನ್ನ ನೀರಿಗೆ ನೂಕಿದ್ದೆ ಅಂತಿಟ್ಕೋ. ಕಲ್ಲನ್ನ ಅವನ ಕೈಯಲ್ಲೇ ಯಾಕೆ ಬಿಡ್ತೀನಿ? ಒಬ್ಬ ಭೂವಿಜ್ಞಾನಿ ಹೆಂಡ್ತಿ ಕಣ್ಣಿಗೆ ಬೀಳ್ಲಿ ಅಂತಲಾ?"

* * *

ಅಂಕಿತಾ ವಿನೋಬನಗರದ ಮನೆ ತಲುಪಿದಾಗ ಬೀದಿಯ ನಲ್ಲಿಗೆ ಸಂಜೆಯ ನೀರು ಬಂದಿತ್ತು. ಕೊಡಗಳ ಸದ್ದು, ಹೆಂಗಸರ ಜಗಳ. ಒಳಗೆ ದೇವರ ಕೋಣೆಯ ಬಾಗಿಲು ಮುಚ್ಚಿತ್ತು.

ಅದು ಅಂಕಿತಾಳಿಗೆ ಬಹಳ ದಿನದಿಂದ ಚುಚ್ಚುತ್ತಿದ್ದ ವಿಷಯ. ಮೊದಲೆಲ್ಲ ಅಕ್ಕನಾಗಮ್ಮ ಪಡಸಾಲೆಯ ಕಿಟಕಿಯ ಕೆಳಗೆ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಬೆಳಕಿನಲ್ಲಿ ಪೂಜೆ ಮಾಡುತ್ತಿದ್ದರು. ಪಕ್ಕದ ಮನೆಯ ಹಜೀರಾಬೀ ಸೊಪ್ಪು ಕೊಡಲು ಬಂದರೂ ಕಣ್ಣಲ್ಲೇ ಕೂತ್ಕೋ ಅನ್ನುತ್ತಿದ್ದರು. ಮಗ ಹೋದ ಮೇಲೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗಿನಿಂದ ಚಿಲಕ. ದುಃಖ ಅಂತ ಎಲ್ಲರೂ ಸುಮ್ಮನಿದ್ದರು.

ಚಿಲಕ ಸರಿಯಿತು. ಅತ್ತೆ ಹೊರಗೆ ಬಂದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಬಂದ್ಯಾ? ಮಾರಿ ಬಾಡೈತೆ. ಉಂಡಿಲ್ಲೇನು?"

"ಉಣ್ತೀನಿ. ಕೂಡ್ರಿ ಅತ್ತೆ."

ಹೇಳುವುದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಒಂದೂ ನೆನಪಾಗಲಿಲ್ಲ. ಚೀಲದಿಂದ ಸಂತೋಷನ ಕರಡಿಗೆ ತೆಗೆದು ಮಣೆಯ ಮೇಲಿಟ್ಟಳು.

ಅಕ್ಕನಾಗಮ್ಮ ಅದನ್ನು ಕಣ್ಣಿಗೊತ್ತಿಕೊಂಡರು. ನೆಗ್ಗಿದ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಮಣೆಯ ಮೇಲೆಯೇ ಇಟ್ಟರು.

ಎಲ್ಲಿ ಸಿಕ್ತು ಅಂತ ಕೇಳಲಿಲ್ಲ.

ಹಾಗಾದರೆ ಮಣ್ಣಿಗಿಟ್ಟಿದ್ದು ಏನು ಅಂತಲೂ ಕೇಳಲಿಲ್ಲ.

ಅಂಕಿತಾ ಅತ್ತೆಯ ಮುಖವನ್ನೇ ನೋಡಿದಳು. "ನಿಮಗೆ ಗೊತ್ತಿತ್ತು," ಎಂದಳು.

"ಕೂಸಿದ್ದಾಗ ಅವನ ಕೊರಳಿಗೆ ಕಟ್ಟಿದೋಳು ನಾನು. ಜ್ವರ ಬಂದಾಗ ಅವನ ಬದಲಿ ಪೂಜಿ ಮಾಡಿದೋಳು ನಾನು. ನನಗ ಗುರುತು ಸಿಗಲ್ವೇನು?"

"ಮತ್ತೆ ಮೇಷ್ಟ್ರನ್ನ ಯಾಕೆ ಕೇಳಿದ್ರಿ?"

"ಕಲಿತೋರು ಏನಂತಾರ ನೋಡಾನ ಅಂತ." ಮುದುಕಿಯ ತುಟಿ ಒಂದು ಕಡೆ ಸೊಟ್ಟಗಾಯಿತು. "ಲಿಂಗ ಅಂದ್ರು."

"ಆದ್ರೂ ಆ ಕಲ್ಲು ಇಟ್ಟೇ ಮಣ್ಣು ಮಾಡಿಸಿದ್ರಾ?"

ಅಕ್ಕನಾಗಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು. ಸೆರಗಿನೊಳಗಿಂದ ತಮ್ಮ ಕರಡಿಗೆಯನ್ನು ಹೊರಗೆಳೆದರು. ಮುಚ್ಚಳ ತೆಗೆದು ಸೊಸೆಯ ಮುಂದೆ ಹಿಡಿದರು.

ಕಪ್ಪಗೆ, ಗುಂಡಗೆ ಇತ್ತು. ಅಂಕಿತಾ ಎರಡು ಬೆರಳಲ್ಲಿ ಎತ್ತಿ ತಿರುಗಿಸಿದಳು.

ಚಪ್ಪಟೆ ಮುಖದ ಮೇಲೆ ಸುರುಳಿಯ ತಗ್ಗು. ಹೊರ ಅಂಚಿಗೆ ಕವಲೊಡೆದ ಗೆರೆಗಳು, ಒಳಗೆ ಹೋದಂತೆ ಕಿರಿದು. ಮಧ್ಯಾಹ್ನ ಗಾಜಿನ ಪೆಟ್ಟಿಗೆಯಲ್ಲಿ ಕಂಡದ್ದರ ಕನ್ನಡಿ.

"ಅಂದ್ರೆ... ಅವರ ಕೈಯಲ್ಲಿ?"

"ನಂದು. ವಿಭೂತಿ ಹಚ್ಚೋವಾಗ ಶಾಲಿನ ಕೆಳಗ ಕೈ ಹಾಕಿ ನನ್ನ ಲಿಂಗ ಇಟ್ಟೆ. ಬರಿಗೈಯಾಗ ಕಳ್ಸಾಕ ಆಗ್ಲಿಲ್ಲ, ಅಂಕಿತಾ." ದನಿ ಏರಲಿಲ್ಲ, ಇಳಿಯಲಿಲ್ಲ. "ತಪ್ಪು ಅಂತ ಗೊತ್ತೈತೆ. ಯಾವ ಅಯ್ಯನೋರ ಮುಂದ ಹೇಳ್ಲಿ? ಇದನ್ನ ಮುಂದಿಟ್ಕಂಡು ಕಣ್ಣು ಮುಚ್ತೀನಿ. ಪೂಜಿ ಅಲ್ಲ ಅದು. ಏನು ಅಂತ ನನಗೂ ಗೊತ್ತಿಲ್ಲ."

ಹೊರಗೆ ಕೊಡ ಉರುಳಿದ ಸದ್ದು. ಯಾರೋ ಯಾರನ್ನೋ ಬೈದರು.

ಹಾಗಾದರೆ ಗುಣಿ ತೆಗೆಯುವುದು ಬೇಕಾಗಿಲ್ಲ. ಸಾಕ್ಷಿ ಇಲ್ಲೇ ಇದೆ, ಅತ್ತೆಯ ಕೊರಳಲ್ಲಿ. ನಾಗಭೂಷಣ್ ಅವರ ಹೆಸರು ಮುಗಿಯಿತು. ಆದರೆ ಅವರ ಕೊನೆಯ ಪ್ರಶ್ನೆ ಮುಗಿದಿರಲಿಲ್ಲ. ಕಲ್ಲನ್ನ ಅವನ ಕೈಯಲ್ಲೇ ಯಾಕೆ ಬಿಡ್ತೀನಿ?

"ಅತ್ತೆ, ಹರಿಹರದ ಆಸ್ಪತ್ರೆಗೆ ನೀವು ಮೊದಲು ಹೋಗಿದ್ರಿ. ಅಲ್ಲಿ ಅವರ ಕೈ ನೋಡಿದ್ರಾ?"

ಅಕ್ಕನಾಗಮ್ಮ ಕಲ್ಲನ್ನು ಅವಳ ಬೆರಳಿಂದ ತೆಗೆದುಕೊಂಡು ಕರಡಿಗೆಗೆ ಹಾಕಿದರು. ಮುಚ್ಚಳ ಕೂರಲಿಲ್ಲ.

"ಅತ್ತೆ."

"ಹಿಡಿದಿದ್ದೆ. ಎರಡೂ ಕೈ. ಬೆರಳು ಬಿಡಿಸಿ ಕೆನ್ನಿಗೆ ಇಟ್ಕಂಡಿದ್ದೆ."

"ಏನಿತ್ತು?"

"ಏನೂ ಇರ್ಲಿಲ್ಲ."

"ಮನೆಗೆ ತಂದು ಇಳಿಸಿದಾಗ?"

"ಇತ್ತು."

ನಡುವೆ ಹರಿಹರದಿಂದ ದಾವಣಗೆರೆಯ ದಾರಿ. ಹೆಂಗಸರೆಲ್ಲ ಹಿಂದಿನ ಕಾರಿನಲ್ಲಿ ಬಂದಿದ್ದರು. ನಾಗಭೂಷಣ್ ಮನೆಯ ಬಾಗಿಲಲ್ಲಿ ಕಾಯುತ್ತಿದ್ದರು. ಆಂಬುಲೆನ್ಸಿನಲ್ಲಿ ದೇಹದ ಪಕ್ಕ ಕೂತು ಬಂದವನು ಒಬ್ಬನೇ.

ಬೀದಿಯಲ್ಲಿ ಬೈಕು ನಿಂತಿತು. ಗೇಟು ಕಿರುಗುಟ್ಟಿತು.

ಬಿಸಿಲಲ್ಲಿ ಹೆಲ್ಮೆಟ್ ತೆಗೆಯದೆ ಕೂತವನ ಚಿತ್ರ ಅಂಕಿತಾಳ ಕಣ್ಣಮುಂದೆ ಬಂತು. ತನ್ನ ಹೆಸರಿನ ದೇವರ ಮುಂದೆ ಅವನು ಬೈಕಿನಿಂದ ಇಳಿದಿರಲಿಲ್ಲ. ಲಾಲ್ ಸಾಬನ ಕಣ್ಣೆದುರು ಒಂದೇ ಒಂದು ಹೆಜ್ಜೆ ನಡೆದಿರಲಿಲ್ಲ. ಲಿಂಗ ಎಲ್ಲಿ ಕಳೆಯಿತು ಅಂತ ಯಾರೂ ಕೇಳದಿರಲೆಂದೇ ಅವನು ಅಣ್ಣನ ಮುಷ್ಟಿಗೆ ಆ ಕಲ್ಲು ತುರುಕಿರಬೇಕು.

ಅಕ್ಕನಾಗಮ್ಮ ಸೊಸೆಯ ಮಣಿಕಟ್ಟು ಹಿಡಿದರು. ಆ ಹಿಡಿತ ಮುದುಕಿಯದಾಗಿರಲಿಲ್ಲ.

"ಒಬ್ಬನ್ನ ಮಣ್ಣಿಗೆ ಕೊಟ್ಟೀನಿ. ಇನ್ನೊಬ್ಬನ್ನ ಏನೂ ಕೇಳಬ್ಯಾಡ."

ಕರಡಿಗೆ ಸೆರಗಿನೊಳಗೆ ಹೋಯಿತು.

"ಅವ್ವಾ, ಚಾ ಇಡು. ಗಂಟಲು ಒಣಗೈತೆ." ಕರಿಬಸವರಾಜ ಹೊಸ್ತಿಲು ದಾಟಿ ಬಂದ. ಅತ್ತಿಗೆಯ ಮುಖ ನೋಡಿದ. ತಾಯಿಯ ಮುಖ ನೋಡಿದ. ಆಮೇಲೆ ಮಣೆ ನೋಡಿದ.

ಒಂದು ಕರಡಿಗೆ ಬಚ್ಚಿಡುವ ಅವಸರದಲ್ಲಿ ಇಬ್ಬರೂ ಇನ್ನೊಂದನ್ನು ಮರೆತಿದ್ದರು. ನೆಗ್ಗಿದ ಮುಚ್ಚಳ, ಹರಿದ ಶಿವದಾರ.

ಯಾರದಿದು ಅಂತ ಅವನು ಕೇಳಲಿಲ್ಲ.

ಕಣ್ಣು ಅದರ ಮೇಲಿಂದ ತೆಗೆಯದೆ, ಕೈಯನ್ನಷ್ಟೇ ಹಿಂದಕ್ಕೆ ಚಾಚಿ, ಬೀದಿಬಾಗಿಲಿನ ಚಿಲಕ ಹಾಕಿದ.